ದಿನಕ್ಕೆ ಮೂರು ಸಾಲು: ಮನೆಯಲ್ಲೇ ಕಲಿಯುವ ಮಕ್ಕಳ ದಾಖಲೆ ಇಡುವುದು ಹೇಗೆ?

ಪ್ರಶ್ನೆ: ನಮಗೆ ಒಂಬತ್ತು ವರ್ಷದ ಮಗಳು, ಆರು ವರ್ಷದ ಮಗ ಇದ್ದಾರೆ. ಮಗಳನ್ನು ಶಾಲೆ ಬಿಡಿಸಿ, ಎರಡು ತಿಂಗಳಿಂದ ಇಬ್ಬರಿಗೂ ಮನೆಯಲ್ಲೇ ಕಲಿಸುತ್ತಿದ್ದೇವೆ. ಶುರುವಿನಲ್ಲಿ ಒಂದು ಚೆಂದದ ಆಲ್ಬಮ್ ತಂದು ಫೋಟೊ ಅಂಟಿಸಿದೆ, ಬಣ್ಣದ ಪೆನ್ನಲ್ಲಿ ಬರೆದೆ. ಮೂರನೇ ವಾರಕ್ಕೆ ಕೈಬಿಟ್ಟೆ. ಈಗ ಫೋನಿನಲ್ಲಿ ಸಾವಿರ ಫೋಟೊ ಇವೆ, ಬರೆದದ್ದು ಏನೂ ಇಲ್ಲ. ನಾಳೆ ಯಾರಾದರೂ ಬಂದು ‘ಏನು ಕಲಿಸಿದ್ದೀರಿ, ತೋರಿಸಿ’ ಅಂದರೆ ಏನು ಮಾಡುವುದು ಎಂದು ಭಯ. ಜೊತೆಗೆ, ಮಕ್ಕಳು ದೊಡ್ಡವರಾದ ಮೇಲೆ ಈ ದಿನಗಳ ನೆನಪೂ ಉಳಿಯಬೇಕು ಎಂಬ ಆಸೆ. ಕಾನೂನಿಗೆ ಒಂದು, ನೆನಪಿಗೆ ಒಂದು ಅಂತ ಎರಡು ಪುಸ್ತಕ ಇಡಬೇಕಾ? ದಿನಾ ಎಷ್ಟು ಬರೆಯಬೇಕು?

ಉತ್ತರ: ಒಂದೇ ಪುಸ್ತಕ ಸಾಕು. ಎರಡು ಇಟ್ಟರೆ ಎರಡೂ ನಿಂತುಹೋಗುತ್ತವೆ. ನಿಮ್ಮ ಆಲ್ಬಮ್ ಮೂರು ವಾರ ಬಾಳಿತಲ್ಲ, ನನ್ನ ಲೆಕ್ಕದಲ್ಲಿ ಅದೇ ಜಾಸ್ತಿ. ಕತ್ತರಿ, ಗೋಂದು, ಬಣ್ಣದ ಪೆನ್ನು ಎಲ್ಲ ಹರಡಿಕೊಂಡು ಕೂರುವ ಕೆಲಸ ರಜೆಯಲ್ಲಿ ಚೆನ್ನ. ದಿನಾ ರಾತ್ರಿ ಮಕ್ಕಳು ಮಲಗಿದ ಮೇಲೆ ಯಾರಿಗೆ ಆಗುತ್ತದೆ?

ನೆನಪಿನ ಪುಸ್ತಕ ಒಂದು ಥರ, ಕಾನೂನಿನ ಪುಸ್ತಕ ಇನ್ನೊಂದು ಥರ ಅಂತ ಹೆಚ್ಚಿನವರು ಅಂದುಕೊಳ್ಳುತ್ತಾರೆ. ನಾನೂ ಹಾಗೇ ಅಂದುಕೊಂಡಿದ್ದೆ. ನನ್ನ ಇಬ್ಬರು ಮಕ್ಕಳಿಗೆ ಮನೆಯಲ್ಲೇ ಕಲಿಸಿದೆ. ಆಮೇಲೆ ಬೇರೆ ಮನೆಗಳವರ ಫೈಲು ನೋಡಿ, ಸರಿಮಾಡಿಕೊಡುವ ಕೆಲಸಕ್ಕೆ ಬಿದ್ದೆ. ಇಷ್ಟು ಫೈಲು ನೋಡಿದ ಮೇಲೆ ಒಂದು ಮಾತು ಧೈರ್ಯವಾಗಿ ಹೇಳಬಲ್ಲೆ: ತಪಾಸಣೆಗೆ ಬಂದವರೂ, ಇಪ್ಪತ್ತು ವರ್ಷ ಬಿಟ್ಟು ಈ ಪುಸ್ತಕ ತೆಗೆಯುವ ನಿಮ್ಮ ಮಗಳೂ ಹುಡುಕುವುದು ಒಂದನ್ನೇ. ಆ ದಿನ ಈ ಮಗು ಏನು ಮಾಡಿತು, ಏನು ಅಂದಿತು, ಎಲ್ಲಿ ಸಿಕ್ಕಿಕೊಂಡಿತು.

ನನ್ನ ಮೊದಲ ವರ್ಷದ ಕಥೆ ಕೇಳಿ. ನಾನು ದೊಡ್ಡ ಕೋಷ್ಟಕ ಮಾಡಿದ್ದೆ. ಮೇಲೆ ವಾರಗಳು, ಪಕ್ಕದಲ್ಲಿ ವಿಷಯಗಳು, ಒಳಗೆಲ್ಲ ಟಿಕ್ ಗುರುತು. ಗಣಿತ ಟಿಕ್, ಭಾಷೆ ಟಿಕ್, ವಿಜ್ಞಾನ ಟಿಕ್. ನೋಡಲು ಬಂದವರು ನಾಲ್ಕು ಪುಟ ತಿರುಗಿಸಿ, ಒಂದು ಟಿಕ್ ಮೇಲೆ ಬೆರಳಿಟ್ಟು, ‘ಈ ದಿನ ವಿಜ್ಞಾನದಲ್ಲಿ ಏನು ಮಾಡಿದಿರಿ?’ ಅಂದರು. ನನಗೆ ನೆನಪಿರಲಿಲ್ಲ. ಮಗಳನ್ನು ಕೇಳಿದರೆ ಅವಳಿಗೂ ಇಲ್ಲ. ಆರು ವಾರ ಬಿಟ್ಟು ಮತ್ತೆ ನೋಡುತ್ತೇವೆ ಅಂತ ಹೇಳಿ ಹೋದರು. ಆಗ ಸಿಟ್ಟು ಬಂದಿತ್ತು. ಈಗ ಅನ್ನಿಸುತ್ತದೆ, ಅವರು ಕೇಳಿದ್ದು ಸರಿಯಾದ ಪ್ರಶ್ನೆಯೇ. ಅಷ್ಟೂ ಟಿಕ್‌ಗಳಲ್ಲಿ ನನ್ನ ಮಗಳು ಒಂದು ಕಡೆಯೂ ಇರಲಿಲ್ಲ.

ಆ ಆರು ವಾರದಲ್ಲಿ ಕಲಿತದ್ದು ಮೂರು ಸಾಲಿನ ಪದ್ಧತಿ. ತಾರೀಖು ಹಾಕಿ. ಮೊದಲ ಸಾಲಿನಲ್ಲಿ ಏನು ಮಾಡಿದಿರಿ ಎಂದು ಬರೆಯಿರಿ. ಪುಸ್ತಕವಾದರೆ ಹೆಸರು, ಪುಟ. ಎರಡನೇ ಸಾಲು ಮಗುವಿನದು: ಅದು ಮಾಡಿದ್ದು ಅಥವಾ ಅಂದದ್ದು, ಅದರ ಮಾತಿನಲ್ಲೇ. ಮೂರನೇ ಸಾಲಿನಲ್ಲಿ ಎಲ್ಲಿ ತೊಡಕಾಯಿತು, ನಾಳೆ ಏನು. ಒಂದು ಮಗುವಿಗೆ ಎರಡು ನಿಮಿಷ ಹಿಡಿಯುತ್ತದೆ. ಪ್ರತಿ ವಿಷಯಕ್ಕೂ ಮೂರು ಸಾಲು ಬೇಡ, ದಿನಕ್ಕೆ ಒಂದು ಸಂಗತಿ ಹಿಡಿದರೆ ಸಾಕು. ಉಳಿದದ್ದರ ಹೆಸರು ಬರೆದರೆ ಆಯಿತು.

ಒಂದು ಉದಾಹರಣೆ ಕೊಡುತ್ತೇನೆ.

‘ಮಾರ್ಚ್ 4. ಕಳೆಯುವ ಲೆಕ್ಕ, ಮೂರಂಕಿ, ಒಟ್ಟು ಎಂಟು. 402ರಲ್ಲಿ 178 ಕಳೆದರೆ 376 ಅಂದಳು. ಹೇಗೆ ಅಂತ ಕೇಳಿದೆ. “ಸೊನ್ನೇಲಿ ಏಳು ಹೋಗಲ್ಲ, ಅದಕ್ಕೆ ಏಳರಲ್ಲಿ ಸೊನ್ನೆ ಕಳೆದೆ” ಅಂದಳು. ನಾಳೆ ಕಡ್ಡಿಗಳನ್ನು ಹತ್ತು, ನೂರರ ಕಟ್ಟು ಮಾಡಿ ತೋರಿಸಬೇಕು.’

ಈ 376 ಎಲ್ಲಿಂದ ಬಂತು ನೋಡಿ. ಬಿಡಿಯ ಸ್ಥಾನದಲ್ಲಿ 2 ಮತ್ತು 8, ದೊಡ್ಡದರಲ್ಲಿ ಚಿಕ್ಕದು ಕಳೆದರೆ 6. ಹತ್ತರ ಸ್ಥಾನದಲ್ಲಿ 0 ಮತ್ತು 7, ಅದು 7. ನೂರರಲ್ಲಿ 4 ಮತ್ತು 1, ಅದು 3. ಮಗು ಮೈಮರೆತು ಬರೆದ ಉತ್ತರ ಇದಲ್ಲ. ಒಂದು ನಿಯಮ ಹಿಡಿದು, ಅದನ್ನೇ ನಿಷ್ಠೆಯಿಂದ ಪಾಲಿಸಿದೆ. ನಿಯಮ ತಪ್ಪು, ಅಷ್ಟೇ. ಸಣ್ಣ ತರಗತಿಗೆ ಗಣಿತ ಕಲಿಸಿದವರಿಗೆಲ್ಲ ಈ ತಪ್ಪು ಗೊತ್ತು. ಬರೀ ‘ಕಳೆಯುವ ಲೆಕ್ಕ, 8ಕ್ಕೆ 5 ಸರಿ’ ಅಂತ ಬರೆದಿದ್ದರೆ ಇದೆಲ್ಲ ಕಳೆದುಹೋಗುತ್ತಿತ್ತು.

ಈಗ ಏಳು ವಾರ ಮುಂದೆ ಬನ್ನಿ. ಏಪ್ರಿಲ್ 22ಕ್ಕೆ ಅದೇ ಲೆಕ್ಕವನ್ನು ಮತ್ತೆ ಕೊಡಿ. ಉತ್ತರ 224 ಬರುತ್ತದೆ. ‘ಪಕ್ಕದ ಸೊನ್ನೆ ಹತ್ರ ಏನೂ ಇಲ್ಲ, ಅದು ನಾಲ್ಕರ ಹತ್ರ ಇಸ್ಕೊಂಡು ಬಂದು ಎರಡಕ್ಕೆ ಕೊಡುತ್ತೆ’ ಅಂತ ಮಗಳು ವಿವರಿಸುತ್ತಾಳೆ. ಆ ಎರಡು ಹಾಳೆಗಳನ್ನು ಒಂದು ಕ್ಲಿಪ್ ಹಾಕಿ ಜೊತೆಗಿಡಿ. ಕಾನೂನಿನ ಭಾಷೆಯಲ್ಲಿ ‘ಪ್ರಗತಿ’ ಅನ್ನುತ್ತಾರಲ್ಲ, ಅದಕ್ಕೆ ಇದಕ್ಕಿಂತ ಒಳ್ಳೆಯ ಪುರಾವೆ ನಾನು ನೋಡಿಲ್ಲ. ನೂರಕ್ಕೆ ನೂರು ಬಂದ ಹಾಳೆ ಮಗುವಿಗೆ ಬರುತ್ತದೆ ಎಂದು ಹೇಳುತ್ತದೆ. ಈ ಎರಡು ಹಾಳೆ ಮಗು ಕಲಿಯಿತು ಎಂದು ಹೇಳುತ್ತವೆ. ಹಾಗಾಗಿ ತಪ್ಪುಗಳನ್ನು ಅಳಿಸಬೇಡಿ, ಹೊಸ ಹಾಳೆಯಲ್ಲಿ ನೀಟಾಗಿ ನಕಲು ಮಾಡಿಸಲೂ ಬೇಡಿ. ಬರೀ ಚೆಂದದ ಹಾಳೆಗಳೇ ಇರುವ ಫೈಲು ನೋಡಿದರೆ ನನಗೆ ಮೊದಲು ಬರುವುದು ಅನುಮಾನ.

ಆರು ವರ್ಷದವನಿಗೆ ಬರೆಯುವುದು ಇನ್ನೂ ಕಷ್ಟ ಇರಬಹುದು. ಅವನು ಹೇಳಲಿ, ನೀವು ಬರೆದುಕೊಳ್ಳಿ. ಅವನ ವಾಕ್ಯ ತಿದ್ದಬೇಡಿ. ‘ಇರುವೆ ಕಾಲು ಬಿಡಿಸಕ್ಕೆ ಹೋದೆ ಅದು ನಿಲ್ಲಲೇ ಇಲ್ಲ’ ಅಂದರೆ ಹಾಗೇ ಬರೆಯಿರಿ. ಮಗಳಿಗೆ ಒಂಬತ್ತು, ವಾರಕ್ಕೆ ಒಂದು ಸಲ ಅವಳೇ ಎರಡು ಸಾಲು ಬರೆಯಲಿ. ಅಕ್ಷರ ಹೇಗೆ ಬದಲಾಯಿತು ಎನ್ನುವುದೂ ಅದರಲ್ಲೇ ಉಳಿಯುತ್ತದೆ. ಅವಳಿಗೆ ಬೇಡವೆಂದರೆ ಒತ್ತಾಯ ಬೇಡ. ಇದೂ ಒಂದು ಹೋಮ್‌ವರ್ಕ್ ಆಗಿಬಿಟ್ಟರೆ ಕಥೆ ಮುಗಿಯಿತು.

ನೋಟ್‌ಬುಕ್ಕಿನಲ್ಲಿ ಇನ್ನೊಂದು ಸಣ್ಣ ಉಪಾಯ. ಬಲಗಡೆಯ ಪುಟ ಕಲಿಕೆಗೆ, ಎಡಗಡೆಯ ಪುಟ ಮನೆಗೆ. ಮೂರು ಸಾಲು ಬಲಕ್ಕೆ. ಮಗು ಅತ್ತದ್ದು, ನೀವು ರೇಗಿದ್ದು, ಜ್ವರ ಬಂದದ್ದು, ನಗು ಬಂದದ್ದು ಎಲ್ಲ ಎಡಕ್ಕೆ. ಯಾರಾದರೂ ದಾಖಲೆ ಕೇಳಿದರೆ ಬಲಪುಟಗಳ ಜೆರಾಕ್ಸ್ ಅಥವಾ ಸ್ಕ್ಯಾನ್ ಕೊಡಿ. ಮೂಲ ಪುಸ್ತಕ ಮನೆ ಬಿಟ್ಟು ಹೋಗುವುದು ಬೇಡ. ನಾನು ನೋಡಿದ ಒಂದು ಮನೆಯಲ್ಲಿ ತಾಯಿ ಇಡೀ ಡೈರಿಯನ್ನೇ ಕೊಟ್ಟುಬಿಟ್ಟಿದ್ದರು. ‘ಇವತ್ತು ನನಗೂ ಸಾಕಾಗಿದೆ’ ಎಂಬ ಒಂದು ಸಾಲಿನ ಮೇಲೆ ಅರ್ಧ ಗಂಟೆ ಮಾತು ನಡೆಯಿತಂತೆ.

ಈಗ ಕಾನೂನು. ನೀವು ಯಾವ ದೇಶದಲ್ಲಿದ್ದೀರಿ ಅಂತ ಬರೆದಿಲ್ಲ. ಎಲ್ಲವೂ ನಿಂತಿರುವುದು ಅದರ ಮೇಲೆಯೇ. ಮೊದಲು ಒಂದು ಪ್ರಶ್ನೆಗೆ ಉತ್ತರ ಹುಡುಕಿಕೊಳ್ಳಿ: ನಿಮ್ಮಲ್ಲಿ ಕಡ್ಡಾಯ ಆಗಿರುವುದು ಶಿಕ್ಷಣವೋ, ಶಾಲೆಯೋ? ಕೇಳಲು ಒಂದೇ ಥರ ಇದ್ದರೂ ಇವೆರಡಕ್ಕೂ ತುಂಬಾ ವ್ಯತ್ಯಾಸ ಇದೆ.

ಜರ್ಮನಿಯಲ್ಲಿ ಶಾಲೆಗೆ ಹೋಗುವುದೇ ಕಡ್ಡಾಯ. ಮನೆಯಲ್ಲಿ ಎಷ್ಟೇ ಚೆನ್ನಾಗಿ ಕಲಿಸಿದರೂ ಲೆಕ್ಕಕ್ಕಿಲ್ಲ. ಅಲ್ಲಿನ ಕೆಲವು ಪೋಷಕರು ಯುರೋಪಿನ ಮಾನವ ಹಕ್ಕುಗಳ ನ್ಯಾಯಾಲಯದವರೆಗೆ ಹೋದರು. 2006ರಲ್ಲೂ, 2019ರಲ್ಲೂ ಆ ನ್ಯಾಯಾಲಯ ಸರ್ಕಾರದ ಪರವಾಗಿಯೇ ನಿಂತಿತು. ಸ್ವೀಡನ್ 2010ರ ಶಿಕ್ಷಣ ಕಾಯ್ದೆಯಲ್ಲಿ ವಿಶೇಷ ಕಾರಣ ಇದ್ದರೆ ಮಾತ್ರ ಎಂದು ಬಿಗಿ ಮಾಡಿತು. ಇಂಥ ಕಡೆ ಇದ್ದರೆ ನಾನು ಹೇಳಿದ ಮೂರು ಸಾಲು ನೆನಪಿಗಷ್ಟೇ. ಕಾನೂನಿಗೆ ವಕೀಲರನ್ನು ನೋಡಬೇಕು, ಅದೂ ಶಾಲೆ ಬಿಡಿಸುವ ಮೊದಲು.

ಫ್ರಾನ್ಸ್‌ನದು ಸ್ವಾರಸ್ಯದ ಕಥೆ. ಅಲ್ಲಿ 1882ರ ಕಾನೂನಿನಿಂದಲೂ ಶಿಕ್ಷಣ ಕಡ್ಡಾಯ, ಅದನ್ನು ಮನೆಯಲ್ಲೂ ಕೊಡಬಹುದಿತ್ತು. ತಿಳಿಸಿದರೆ ಸಾಕಿತ್ತು. 2021ರ ಆಗಸ್ಟ್‌ನಲ್ಲಿ ಬಂದ ಕಾನೂನು ಇದನ್ನು ಬದಲಾಯಿಸಿತು. 2022ರ ಸೆಪ್ಟೆಂಬರ್‌ನಿಂದ ಮೊದಲೇ ಅರ್ಜಿ ಹಾಕಿ ಅನುಮತಿ ಪಡೆಯಬೇಕು. ನೂರಮೂವತ್ತು ವರ್ಷಕ್ಕೂ ಹೆಚ್ಚು ಕಾಲ ನಡೆದುಕೊಂಡು ಬಂದದ್ದು ಒಂದೇ ಕಾನೂನಿಗೆ ತಲೆಕೆಳಗಾಯಿತು. ಅದಕ್ಕೇ ನಾನು ಎಲ್ಲರಿಗೂ ಹೇಳುವುದು: ಮೂರು ವರ್ಷ ಹಿಂದೆ ಗೆಳತಿ ಹೇಳಿದ ನಿಯಮ ನಂಬಿಕೊಂಡು ಕೂರಬೇಡಿ. ವರ್ಷಕ್ಕೊಂದು ಸಲ ಸರ್ಕಾರದ ವೆಬ್‌ಸೈಟಿನಿಂದಲೇ ನಿಯಮ ಡೌನ್‌ಲೋಡ್ ಮಾಡಿ, ತಾರೀಖು ಬರೆದು ಫೈಲಿನ ಮೊದಲ ಹಾಳೆಯಾಗಿ ಹಾಕಿ.

ಇಂಗ್ಲೆಂಡ್‌ನಲ್ಲಿ 1996ರ ಶಿಕ್ಷಣ ಕಾಯ್ದೆಯ 7ನೇ ಸೆಕ್ಷನ್ ಇದೆ. ಮಗುವಿನ ವಯಸ್ಸು, ಶಕ್ತಿ, ಒಲವಿಗೆ ತಕ್ಕ ಪೂರ್ಣಾವಧಿ ಶಿಕ್ಷಣ ಕೊಡಿಸುವುದು ಪೋಷಕರ ಕರ್ತವ್ಯ, ಶಾಲೆಯಲ್ಲಾಗಲಿ ‘ಬೇರೆ ರೀತಿಯಲ್ಲಾಗಲಿ’ ಎನ್ನುತ್ತದೆ. ಹೋಮ್‌ಸ್ಕೂಲಿಂಗ್ ಅಲ್ಲಿ ನಡೆಯುತ್ತಿರುವುದು ಆ ‘ಬೇರೆ ರೀತಿ’ ಎಂಬ ಎರಡು ಮಾತಿನ ಮೇಲೆ. ಮನೆಯಲ್ಲಿ ರಾಷ್ಟ್ರೀಯ ಪಠ್ಯಕ್ರಮವನ್ನೇ ಕಲಿಸಬೇಕು ಅಂತಿಲ್ಲ. ಆದರೆ ಸ್ಥಳೀಯ ಆಡಳಿತಕ್ಕೆ ತೃಪ್ತಿಯಾಗದಿದ್ದರೆ ಶಾಲೆಗೆ ಸೇರಿಸಿ ಎಂದು ಆದೇಶ ಕೊಡಬಹುದು.

ಅಮೆರಿಕದ ಎಲ್ಲ 50 ರಾಜ್ಯಗಳಲ್ಲೂ ಹೋಮ್‌ಸ್ಕೂಲಿಂಗ್‌ಗೆ ಅವಕಾಶ ಇದೆ, ನಿಯಮ ಮಾತ್ರ ಒಂದೊಂದು ಕಡೆ ಒಂದೊಂದು. ಟೆಕ್ಸಸ್‌ನಲ್ಲಿ ಸರ್ಕಾರಕ್ಕೆ ವರದಿ ಕೊಡುವ ಕೆಲಸವೇ ಇಲ್ಲ. ನ್ಯೂಯಾರ್ಕ್‌ನಲ್ಲಿ ವರ್ಷದ ಯೋಜನೆ ಕೊಡಬೇಕು, ಮೂರು ತಿಂಗಳಿಗೊಮ್ಮೆ ವರದಿ ಕೊಡಬೇಕು, ವರ್ಷದ ಕೊನೆಗೆ ಮೌಲ್ಯಮಾಪನ. ಪೆನ್ಸಿಲ್ವೇನಿಯಾದ ನಿಯಮ ನನಗೆ ತುಂಬಾ ಇಷ್ಟ. ದಿನಚರಿಯನ್ನು ಕಲಿಸುವ ಹೊತ್ತಿನಲ್ಲೇ ಬರೆದಿರಬೇಕು, ಓದಿದ ಪುಸ್ತಕಗಳ ಹೆಸರು ಅದರಲ್ಲಿರಬೇಕು, ಜೊತೆಗೆ ಮಗುವಿನ ಕೆಲಸದ ಮಾದರಿಗಳು ಇರಬೇಕು ಎಂದು ಕಾನೂನೇ ಹೇಳುತ್ತದೆ. ವರ್ಷಕ್ಕೆ 180 ದಿನ, ಇಲ್ಲವೇ ಪ್ರಾಥಮಿಕದಲ್ಲಿ 900 ಗಂಟೆ, ಪ್ರೌಢದಲ್ಲಿ 990 ಗಂಟೆ. ‘ಕಲಿಸುವ ಹೊತ್ತಿನಲ್ಲೇ’ ಎಂಬುದನ್ನು ಗಮನಿಸಿ. ನೀವು ಎಲ್ಲೇ ಇರಿ, ಇದೊಂದನ್ನು ಎರವಲು ತೆಗೆದುಕೊಳ್ಳಿ. ವರ್ಷದ ಕೊನೆಯ ಭಾನುವಾರ ಕೂತು, ಒಂದೇ ಪೆನ್ನಲ್ಲಿ, ಒಂದೇ ಓಟದಲ್ಲಿ ತುಂಬಿಸಿದ ಡೈರಿ ನೋಡಿದ ತಕ್ಷಣ ಗೊತ್ತಾಗುತ್ತದೆ.

ಭಾರತದಲ್ಲಿದ್ದರೆ ವಿಷಯ ಸ್ವಲ್ಪ ಮಸುಕು. 2009ರ ಶಿಕ್ಷಣ ಹಕ್ಕು ಕಾಯ್ದೆ 2010ರ ಏಪ್ರಿಲ್ 1ರಿಂದ ಜಾರಿಗೆ ಬಂತು. 6ರಿಂದ 14 ವರ್ಷದ ಮಕ್ಕಳಿಗೆ ಅನ್ವಯ. ಅದರ 10ನೇ ಸೆಕ್ಷನ್ ಪ್ರಕಾರ ಮಗುವನ್ನು ನೆರೆಹೊರೆಯ ಶಾಲೆಗೆ ಸೇರಿಸುವುದು ಪೋಷಕರ ಕರ್ತವ್ಯ. ಹಾಗೆ ಮಾಡದ ಪೋಷಕರಿಗೆ ಈ ಕೇಂದ್ರ ಕಾಯ್ದೆಯಲ್ಲಿ ದಂಡ ಇಲ್ಲ. ಹೋಮ್‌ಸ್ಕೂಲಿಂಗ್ ಎಂಬ ಮಾತೇ ಅದರಲ್ಲಿಲ್ಲ. ಅಂದರೆ ಮಾಡಿ ಅಂತಲೂ ಇಲ್ಲ, ಬೇಡ ಅಂತಲೂ ಇಲ್ಲ. ರಾಜ್ಯಗಳ ನಿಯಮ ಬೇರೆ ಇರುತ್ತವೆ, ಅವನ್ನೂ ಓದಬೇಕು. ಬಹಳ ಮನೆಯವರು ಹಿಡಿಯುವ ದಾರಿ ರಾಷ್ಟ್ರೀಯ ಮುಕ್ತ ಶಾಲಾ ಶಿಕ್ಷಣ ಸಂಸ್ಥೆ, ಅಂದರೆ ಎನ್‌ಐಒಎಸ್. ಅದರ ಮೂಲ ಶಿಕ್ಷಣದಲ್ಲಿ ಎ, ಬಿ, ಸಿ ಎಂಬ ಮೂರು ಹಂತ ಇದ್ದು, ಅವು 3, 5 ಮತ್ತು 8ನೇ ತರಗತಿಗೆ ಸಮ. ಹತ್ತನೇ ತರಗತಿಯ ಮಟ್ಟಕ್ಕೆ ಸೇರಲು 14 ವರ್ಷ ತುಂಬಿರಬೇಕು, ಹನ್ನೆರಡರ ಮಟ್ಟಕ್ಕೆ 15. ನಿಮ್ಮ ಮಗಳಿಗೆ ಒಂಬತ್ತಾದ್ದರಿಂದ ಹಾಳೆಯಲ್ಲಿ ಬರೆದು ಗೋಡೆಗೆ ಅಂಟಿಸುವಷ್ಟು ಅವಸರ ಇಲ್ಲ. ಜನನ ಪ್ರಮಾಣಪತ್ರದ ಹೆಸರಿಗೂ ಟಿಸಿಯ ಹೆಸರಿಗೂ ಅಕ್ಷರ ವ್ಯತ್ಯಾಸ ಇದೆಯಾ ಅಂತ ಮಾತ್ರ ಈಗಲೇ ನೋಡಿ. ಪರೀಕ್ಷೆಗೆ ಅರ್ಜಿ ಹಾಕುವ ವಾರದಲ್ಲಿ ಅದನ್ನು ಕಂಡುಹಿಡಿದರೆ ನಿದ್ದೆ ಬರಲ್ಲ.

ಟಿಸಿ ಅಂದಾಗ ನೆನಪಾಯಿತು. ಶಾಲೆ ಬಿಡಿಸಿದ್ದನ್ನು ಬಾಯಲ್ಲಿ ಹೇಳಿ ಬಂದಿದ್ದೀರಾ, ಪತ್ರ ಕೊಟ್ಟಿದ್ದೀರಾ? ಬಾಯಲ್ಲಿ ಆಗಿದ್ದರೆ ಈ ವಾರವೇ ಪತ್ರ ಕೊಟ್ಟು, ನಿಮ್ಮ ಪ್ರತಿಯ ಮೇಲೆ ಸೀಲು, ಸಹಿ, ತಾರೀಖು ಹಾಕಿಸಿಕೊಳ್ಳಿ. ಶಾಲೆಯ ಹಾಜರಿಯಲ್ಲಿ ಹೆಸರು ಉಳಿದು, ಮಗು ಗೈರು ಅಂತ ಬೀಳುತ್ತಾ ಹೋಗುವುದು ನಾನು ಕಂಡ ಫೈಲುಗಳಲ್ಲಿ ಬಂದ ಮುಕ್ಕಾಲು ತೊಂದರೆಗೆ ಮೂಲ. ಕಲಿಕೆ ಸರಿಯಾಗೇ ಇರುತ್ತದೆ, ಒಂದು ಕಾಗದ ಇರುವುದಿಲ್ಲ. ಸ್ವೀಕೃತಿ ಥರ್ಮಲ್ ಕಾಗದದಲ್ಲಿ ಬಂದಿದ್ದರೆ, ನುಣುಪಾಗಿ ಇರುತ್ತಲ್ಲ, ಅದನ್ನು ಅವತ್ತೇ ಜೆರಾಕ್ಸ್ ಮಾಡಿಸಿ. ಕೆಲವು ವರ್ಷಕ್ಕೆ ಅದರ ಅಕ್ಷರ ಮಾಯವಾಗಿ ಬಿಳಿ ಚೀಟಿ ಉಳಿಯುತ್ತದೆ.

ಯಾರಾದರೂ ಮನೆಗೆ ಬಂದರೆ? ಗಾಬರಿ ಬೇಡ, ಜಗಳವೂ ಬೇಡ. ಬಂದವರ ಹೆಸರು, ಹುದ್ದೆ ಕೇಳಿ ಬರೆದುಕೊಳ್ಳಿ. ಯಾವ ನಿಯಮದಡಿ, ಏನೇನು ಬೇಕು ಎಂದು ಬರವಣಿಗೆಯಲ್ಲಿ ಕೊಡಲು ವಿನಯದಿಂದ ಕೇಳಿ. ಅವರು ಹೋದ ಮೇಲೆ ಅವತ್ತೇ, ‘ಇಂದು ನೀವು ಬಂದಿದ್ದಿರಿ, ಇಂಥದ್ದು ಕೇಳಿದಿರಿ, ಇಂಥ ದಿನದೊಳಗೆ ಕಳಿಸುತ್ತೇವೆ ಎಂದಿದ್ದೇವೆ’ ಎಂದು ಒಂದು ಇಮೇಲ್ ಹಾಕಿ. ಕೇಳಿದ್ದನ್ನು ಪೂರ್ತಿ ಕೊಡಿ, ಕೇಳದ್ದನ್ನು ತುರುಕಬೇಡಿ. ಇನ್ನೂರು ಪುಟ ಕೊಟ್ಟರೆ ಯಾರೂ ಓದುವುದಿಲ್ಲ. ನಾನು ಪ್ರತಿ ವಿಷಯಕ್ಕೆ ವರ್ಷದ ಆರಂಭದ್ದು, ನಡುವಿನದು, ಕೊನೆಯದು ಅಂತ ಮೂರು ಹಾಳೆ ಆರಿಸಿ, ಮೇಲೆ ಒಂದು ಪುಟದ ಸಾರಾಂಶ ಇಡಿಸುತ್ತೇನೆ. ಅಷ್ಟಕ್ಕೇ ಮಾತು ಮುಗಿದದ್ದು ಜಾಸ್ತಿ.

ಗಂಟೆಗಳ ಲೆಕ್ಕ ಕೇಳುವ ಕಡೆ ಎಲ್ಲರಿಗೂ ಒಂದೇ ಗಲಿಬಿಲಿ. 900 ಗಂಟೆಯನ್ನು 180 ದಿನಕ್ಕೆ ಹಂಚಿದರೆ ದಿನಕ್ಕೆ ಐದು. ಆರು ವರ್ಷದ ಮಗು ಐದು ಗಂಟೆ ಮೇಜಿನ ಮುಂದೆ ಕೂರುತ್ತದಾ? ಕೂರಬಾರದು ಕೂಡ. ಆದರೆ ಕಲಿಕೆ ಮೇಜಿನ ಮುಂದೆ ಮಾತ್ರ ನಡೆಯುವುದಿಲ್ಲ. ಒಂದು ತಿಂಗಳು ಚಂದ್ರನನ್ನು ನೋಡುವ ಕೆಲಸ ಕೊಡಿ. ದಿನಾ ಮೂಡಿದ ಹೊತ್ತು ಬರೆಯಬೇಕು, ಆಕಾರ ಬಿಡಿಸಬೇಕು. ನಾಲ್ಕೈದು ದಿನಕ್ಕೆ ಮಗಳೇ ಬಂದು ‘ದಿನಾ ಲೇಟಾಗಿ ಬರುತ್ತಾನೆ’ ಅನ್ನುತ್ತಾಳೆ. ಎಷ್ಟು ಲೇಟು ಅಂತ ಕೇಳಿ. ಸರಾಸರಿ ಸುಮಾರು 50 ನಿಮಿಷ ಬರುತ್ತದೆ. ಅದನ್ನು ಕಂಡುಹಿಡಿಯಲು ಅವಳು ಗಂಟೆ, ನಿಮಿಷ ಕಳೆಯಬೇಕು, ಸರಾಸರಿ ತೆಗೆಯಬೇಕು, ಮೋಡ ಕವಿದ ದಿನದ ಖಾಲಿ ಜಾಗಕ್ಕೆ ಏನು ಮಾಡುವುದು ಎಂದು ಯೋಚಿಸಬೇಕು. ಮಾರ್ಜಿನ್‌ನಲ್ಲಿ ಗ, ವಿ, ಭಾ ಎಂದು ಬರೆದು ನಿಜವಾಗಿ ಹಿಡಿದ ಹೊತ್ತು ಹಾಕಿ. ಹಾಗಂತ ಮೆಟ್ಟಿಲು ಹತ್ತಿದ್ದಕ್ಕೆಲ್ಲ ಭೌತಶಾಸ್ತ್ರ ಅಂತ ಬರೆಯಬೇಡಿ. ನಗುತ್ತಾರೆ, ಆಮೇಲೆ ನಿಜವಾದದ್ದನ್ನೂ ನಂಬುವುದಿಲ್ಲ.

ಇನ್ನು ನೆನಪಿನ ವಿಷಯ. ನನಗೆ ಹೆಚ್ಚು ಪ್ರೀತಿಯದು ಇದು. ದೊಡ್ಡವರಿಗೆ ಮೂರು, ಮೂರೂವರೆ ವರ್ಷಕ್ಕಿಂತ ಹಿಂದಿನದು ಸಾಮಾನ್ಯವಾಗಿ ಏನೂ ನೆನಪಿರುವುದಿಲ್ಲ, ಇದು ಎಲ್ಲರಿಗೂ ಗೊತ್ತು. ಅಷ್ಟಾಗಿ ಗೊತ್ತಿಲ್ಲದ್ದು ಇದು: ಐದು, ಆರು ವರ್ಷದ ಮಕ್ಕಳಿಗೆ ಮೂರನೇ ವಯಸ್ಸಿನ ಸಂಗತಿಗಳು ಚೆನ್ನಾಗಿಯೇ ನೆನಪಿರುತ್ತವೆ. ಎಂಟು, ಒಂಬತ್ತು ಆಗುವಷ್ಟರಲ್ಲಿ ಅವುಗಳಲ್ಲಿ ಬಹಳಷ್ಟು ಅಳಿಸಿಹೋಗುತ್ತವೆ. ನಿಮ್ಮ ಮಗ ಈಗ ಸರಿಯಾಗಿ ಆ ಅಂಚಿನಲ್ಲಿದ್ದಾನೆ. ಮನೆಯಲ್ಲಿ ಮಾತಾಡಿಕೊಂಡ ಸಂಗತಿಗಳು ಉಳಿಯುವ ಸಾಧ್ಯತೆ ಹೆಚ್ಚು. ಅದೂ ‘ಅವತ್ತು ಮಳೆ ಬಂತು ಅಲ್ವಾ?’ ಎಂಬಂಥ ಹೌದು, ಇಲ್ಲ ಪ್ರಶ್ನೆಗಳಿಗಿಂತ ‘ಅವತ್ತು ಏನಾಯ್ತು? ಆಮೇಲೆ?’ ಎಂದು ಬಿಟ್ಟು ಕೇಳುವುದು ಮೇಲು. ತಿಂಗಳಿಗೊಮ್ಮೆ ನೋಟ್‌ಬುಕ್ ತೆಗೆದು ಜೋರಾಗಿ ಓದಿ. ಮಕ್ಕಳು ತಮ್ಮ ಮಾತನ್ನೇ ಕೇಳಿ ಬಿದ್ದು ಬಿದ್ದು ನಗುತ್ತಾರೆ, ನಿಮ್ಮನ್ನು ತಿದ್ದುತ್ತಾರೆ. ತಿದ್ದಿದ್ದನ್ನು ಎಡಪುಟದಲ್ಲಿ ಸೇರಿಸಿ.

ದನಿಯನ್ನು ಎಲ್ಲರೂ ಮರೆಯುತ್ತಾರೆ. ಸಾವಿರ ಫೋಟೊ ಇರುತ್ತದೆ, ಮಗುವಿನ ಆರನೇ ವರ್ಷದ ಓದಿನ ದನಿ ಒಂದೂ ಇರುವುದಿಲ್ಲ. ಮೂರು ತಿಂಗಳಿಗೊಮ್ಮೆ ಸುಮಾರು ನೂರು ಪದದ ಒಂದು ಭಾಗ ಓದಿಸಿ ರೆಕಾರ್ಡ್ ಮಾಡಿ. ಎಷ್ಟು ಪದ ತಪ್ಪಾಯಿತು ಎಣಿಸಿ. ನೂರಕ್ಕೆ 95 ಅಥವಾ ಅದಕ್ಕಿಂತ ಜಾಸ್ತಿ ಸರಿಯಿದ್ದರೆ ಆ ಪುಸ್ತಕ ಅವನಿಗೆ ಸಲೀಸು. 90ರಿಂದ 94 ಇದ್ದರೆ ಜೊತೆಗೆ ಕೂತು ಓದಿಸಲು ತಕ್ಕದ್ದು. ಅದಕ್ಕಿಂತ ಕಡಿಮೆ ಇದ್ದರೆ ಸದ್ಯಕ್ಕೆ ಕಷ್ಟ, ಪಕ್ಕಕ್ಕಿಡಿ. ಓದು ಕಲಿಸುವವರು ಬಹಳ ಕಾಲದಿಂದ ಬಳಸುವ ಅಳತೆ ಇದು. ಒಂದೇ ರೆಕಾರ್ಡಿಂಗ್ ತಪಾಸಣೆಗೆ ಅಂಕಿ ಕೊಡುತ್ತದೆ, ನಿಮಗೆ ಹಲ್ಲು ಬಿದ್ದ ಬಾಯಿಯ ಆ ‘ಸ’ಕಾರ ಕೊಡುತ್ತದೆ.

ಫೋಟೊಗಳು: ವಾರಕ್ಕೆ ಐದು ಇಟ್ಟುಕೊಳ್ಳಿ, ಉಳಿದವು ಹೋಗಲಿ. ಅಯ್ಯೋ ಅನ್ನಬೇಡಿ, ಸಾವಿರ ಫೋಟೊವನ್ನು ಯಾರೂ ನೋಡುವುದಿಲ್ಲ. ಮಗು ನಗುತ್ತಾ ಪೋಸ್ ಕೊಟ್ಟದ್ದಕ್ಕಿಂತ ಕೈ ಕೆಲಸದಲ್ಲಿರುವ ಫೋಟೊ ಮೇಲು. ಕಾಗದದ ಸೇತುವೆ, ಮಣ್ಣಿನ ಗೊಂಬೆ ಥರದವುಗಳ ಪಕ್ಕ ಒಂದು ಸ್ಕೇಲ್ ಇಟ್ಟು ಫೋಟೊ ತೆಗೆಯಿರಿ, ಆಮೇಲೆ ಮಗುವಿನ ಒಪ್ಪಿಗೆ ಪಡೆದು ವಸ್ತುವನ್ನು ಬಿಸಾಡಿ. ಫೈಲಿನ ಹೆಸರು ತಾರೀಖಿನಿಂದ ಶುರುವಾಗಲಿ: ವರ್ಷ, ತಿಂಗಳು, ದಿನ, ಆಮೇಲೆ ವಿಷಯ. ಹಾಗೆ ಇಟ್ಟರೆ ಕಂಪ್ಯೂಟರ್ ತಾನೇ ಸಾಲಾಗಿ ಜೋಡಿಸುತ್ತದೆ. ಅಜ್ಜಿಗೆ ವಾಟ್ಸಾಪ್‌ನಲ್ಲಿ ಫೋಟೊ ಮಾಡಿ ಕಳಿಸಿದ್ದನ್ನೇ ಮೂಲ ಅಂದುಕೊಳ್ಳಬೇಡಿ. ಅಲ್ಲಿ ಫೋಟೊ ಕುಗ್ಗುತ್ತದೆ, ತೆಗೆದ ತಾರೀಖಿನ ಮಾಹಿತಿಯೂ ಕಳಚಿಹೋಗುತ್ತದೆ.

ನಾನು ಹದಿನಾಲ್ಕು ತಿಂಗಳ ಫೋಟೊ ಕಳೆದುಕೊಂಡವಳು. ಫೋನು ನೀರಿಗೆ ಬಿತ್ತು, ಬೇರೆ ಕಡೆ ಪ್ರತಿ ಇರಲಿಲ್ಲ. ಆ ಅವಧಿಯಲ್ಲಿ ಉಳಿದದ್ದು ಪೆನ್ಸಿಲ್‌ನಲ್ಲಿ ಬರೆದ ಮೂರು ಮೂರು ಸಾಲುಗಳು ಮಾತ್ರ. ಅದಾದ ಮೇಲೆ ಮೂರು ಪ್ರತಿ, ಎರಡು ಬೇರೆ ಬಗೆಯ ಜಾಗದಲ್ಲಿ, ಒಂದು ಮನೆಯಿಂದ ಹೊರಗೆ ಎಂಬ ನಿಯಮ ಪಾಲಿಸುತ್ತಿದ್ದೇನೆ. ಕಾಗದಕ್ಕೂ ಒಂದೆರಡು ಮಾತು. ಪೆನ್ಸಿಲ್ ಬರಹ ಮಾಸುವುದಿಲ್ಲ, ಸ್ಕೆಚ್ ಪೆನ್ ಬೆಳಕಿಗೆ ಮಾಸುತ್ತದೆ. ಸೆಲ್ಲೊಟೇಪ್ ಹಳದಿಯಾಗಿ, ಅಂಟು ಕಾಗದಕ್ಕಿಳಿದು ಕಲೆಯಾಗುತ್ತದೆ. ಲ್ಯಾಮಿನೇಷನ್ ಮಾಡಿಸಿದರೆ ಮತ್ತೆ ಬಿಡಿಸಲಾಗದು, ಪ್ರಮಾಣಪತ್ರಗಳಿಗಂತೂ ಬೇಡವೇ ಬೇಡ. ಒಂದು ರಟ್ಟಿನ ಡಬ್ಬ, ಒಣ ಜಾಗ, ಅಷ್ಟು ಸಾಕು. ಪ್ರತಿ ಚಿತ್ರದ ಹಿಂದೆ ತಾರೀಖು, ಮಗುವಿನ ವಯಸ್ಸು.

ಒಂದು ವಿಷಯದಲ್ಲಿ ನಾನು ಸ್ವಲ್ಪ ಗಟ್ಟಿ. ಇದನ್ನೆಲ್ಲ ಸೋಷಿಯಲ್ ಮೀಡಿಯಾಕ್ಕೆ ಹಾಕಬೇಡಿ. 376 ಅಂತ ಬರೆದದ್ದು ಮಗಳ ಖಾಸಗಿ ವಿಷಯ. ಹದಿನೈದಾದಾಗ ಅವಳ ಗೆಳತಿಯರು ಅದನ್ನು ಹುಡುಕಿ ತೆಗೆಯುವುದು ಬೇಡ. ಮತ್ತೆ, ಚೆನ್ನಾಗಿ ನಡೆಯುತ್ತಿರುವ ಆಟದ ನಡುವೆ ‘ಇರು, ಫೋಟೊ ತೆಗೀತೀನಿ’ ಅಂದರೆ ಆಟ ಅಲ್ಲಿಗೇ ಸಾಯುತ್ತದೆ. ಅಂಥ ದಿನ ಕ್ಯಾಮೆರಾ ಬಿಟ್ಟು ರಾತ್ರಿ ಮೂರು ಸಾಲು ಬರೆಯಿರಿ.

ಹೈಸ್ಕೂಲ್ ವಯಸ್ಸಿಗೆ ಬಂದಾಗ ಬಲಪುಟಕ್ಕೆ ಕೆಲಸ ಹೆಚ್ಚುತ್ತದೆ. ಪ್ರತಿ ವಿಷಯಕ್ಕೆ ಏನು ಓದಿದಳು, ಯಾವ ಪುಸ್ತಕ, ಎಷ್ಟು ತಿಂಗಳು, ಹೇಗೆ ಅಳೆದಿರಿ ಎಂದು ಅರ್ಧ ಪುಟ ಬೇಕಾಗುತ್ತದೆ. ಕಾಲೇಜಿನವರು ಕೇಳುವುದು ಅದನ್ನೇ. ಅದಕ್ಕೆ ಇನ್ನೂ ಸಮಯ ಇದೆ.

ಇನ್ನು ಬರೆಯದೇ ಹೋದ ಆ ಎರಡು ತಿಂಗಳು. ಸುಳ್ಳು ತಾರೀಖು ಹಾಕಿ ತುಂಬಿಸಬೇಡಿ. ಹೊಸ ನೋಟ್‌ಬುಕ್ಕಿನ ಮೊದಲ ಪುಟದಲ್ಲಿ ‘ನೆನಪಿನಿಂದ ಬರೆದದ್ದು’ ಎಂದು ತಲೆಬರಹ ಕೊಟ್ಟು, ಇವತ್ತಿನ ತಾರೀಖು ಹಾಕಿ. ಇಬ್ಬರು ಮಕ್ಕಳನ್ನೂ ಪಕ್ಕ ಕೂರಿಸಿಕೊಂಡು ಫೋನಿನ ಸಾವಿರ ಫೋಟೊ ತಿರುಗಿಸುತ್ತಾ ಹೋಗಿ. ಅದರಲ್ಲಿ ತಾರೀಖು ಇರುತ್ತದೆ. ‘ಇಲ್ಲಿ ಏನು ಮಾಡ್ತಿದ್ದೆ?’ ಅಂತ ಕೇಳಿ, ಅವರು ಹೇಳಿದ್ದನ್ನು ಬರೆದುಕೊಳ್ಳಿ. ಎರಡು ಸಂಜೆಯ ಕೆಲಸ. ಉಳಿಸಿಕೊಳ್ಳುವ ಫೋಟೊಗಳನ್ನು ಆಗಲೇ ಆರಿಸಿಬಿಡಿ. ಆ ಮೂರು ವಾರದ ಆಲ್ಬಮ್ಮನ್ನೂ ಡಬ್ಬಕ್ಕೆ ಹಾಕಿ, ಅದರ ಹಿಂದಿನ ರಟ್ಟಿನ ಮೇಲೆ ಪೆನ್ಸಿಲ್‌ನಲ್ಲಿ ‘ಇಲ್ಲಿಗೆ ಅಮ್ಮನಿಗೆ ಸಾಕಾಯಿತು’ ಎಂದು ತಾರೀಖು ಸಮೇತ ಬರೆದಿಡಿ.